ಆಸ್ಪತ್ರೆಗೇ ಆಪತ್ತು ಬಂದರೆ?

ಮನೆಯವರೊಬ್ಬರನ್ನು ಆಸ್ಪತ್ರೆಗೆ ಸೇರಿಸುವಾಗ ನಾವು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ಡಾಕ್ಟರು ಯಾರು, ಎಷ್ಟು ಹೊತ್ತಿಗೆ ರೌಂಡ್ಸಿಗೆ ಬರುತ್ತಾರೆ, ರೂಮಿನ ಬಾಡಿಗೆ ಎಷ್ಟು, ವಿಮೆ ನಡೆಯುತ್ತದೆಯೇ, ಜತೆಗೊಬ್ಬರು ಮಲಗಲು ಜಾಗವಿದೆಯೇ, ಬಿಸಿನೀರು ಸಿಗುತ್ತದೆಯೇ. ಕೆಲವರು ಕ್ಯಾಂಟೀನಿನ ಇಡ್ಲಿ ಹೇಗಿರುತ್ತದೆ ಎಂದೂ ವಿಚಾರಿಸಿಕೊಳ್ಳುತ್ತಾರೆ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಒಂದನ್ನು ಮಾತ್ರ ಯಾರೂ ಕೇಳುವುದಿಲ್ಲ. ರಾತ್ರಿ ಮೂರು ಗಂಟೆಗೆ ಈ ಕಟ್ಟಡದಲ್ಲಿ ಹೊಗೆ ತುಂಬಿಕೊಂಡರೆ, ಅಥವಾ ಕರೆಂಟು ಹೋಗಿ ಜನರೇಟರೂ ಕೈಕೊಟ್ಟರೆ, ಮೂರನೆಯ ಮಹಡಿಯಲ್ಲಿ ಮಲಗಿರುವ ನಮ್ಮ ಅಮ್ಮನನ್ನು ಯಾರು, ಯಾವ ದಾರಿಯಿಂದ ಕೆಳಗಿಳಿಸುತ್ತಾರೆ?

ಅಪಶಕುನದ ಮಾತು ಎಂದು ಹಿರಿಯರು ಗದರಿಸಬಹುದು. ಆದರೂ ಔಷಧಿ, ಶಸ್ತ್ರಚಿಕಿತ್ಸೆಗಳಷ್ಟೇ ರೋಗಿಯ ಪ್ರಾಣಕ್ಕೆ ಸಂಬಂಧಪಟ್ಟ ವಿಷಯ ಇದು.

ದೊಡ್ಡ ಕಂಪನಿಗಳು, ಬ್ಯಾಂಕುಗಳು, ಕಾರ್ಖಾನೆಗಳು ಇಂಥ ಆಪತ್ತಿಗೆ ಮುಂಚೆಯೇ ಒಂದು ಯೋಜನೆ ಮಾಡಿಟ್ಟುಕೊಳ್ಳುತ್ತವೆ. ಅದರಲ್ಲಿ ಎರಡು ಭಾಗ. ಅನಾಹುತ ನಡೆದ ಮೊದಲ ನಿಮಿಷಗಳಲ್ಲಿ ಯಾರು ಏನು ಮಾಡಬೇಕು ಎಂಬುದು ಮೊದಲನೆಯದು. ಇದನ್ನು ಘಟನಾ ನಿರ್ವಹಣೆ ಎನ್ನೋಣ. ಅನಾಹುತದ ನಡುವೆಯೂ ನಿಲ್ಲಿಸಲಾಗದ ಕೆಲಸವನ್ನು ಹೇಗೆ ನಡೆಸಿಕೊಂಡು ಹೋಗಬೇಕು ಎಂಬುದು ಎರಡನೆಯದು. ಇದು ಸೇವೆಯ ನಿರಂತರತೆ. ಇದಕ್ಕೆಂದೇ 2012ರಲ್ಲಿ ಐಎಸ್‌ಒ 22301 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ಬ್ಯಾಂಕಿನ ವ್ಯವಹಾರ ಎರಡು ದಿನ ನಿಂತರೆ ಹಣ ನಷ್ಟವಾಗುತ್ತದೆ, ಗ್ರಾಹಕರು ಬೈಯುತ್ತಾರೆ. ಆಸ್ಪತ್ರೆಯಲ್ಲಿ ನಿಲ್ಲಿಸಲಾಗದ ವ್ಯವಹಾರವೆಂದರೆ ರೋಗಿಯ ಉಸಿರಾಟ. ಅದಕ್ಕೆ ಎರಡು ದಿನ ಬೇಡ, ನಾಲ್ಕೈದು ನಿಮಿಷ ಸಾಕು.

ಹೊಗೆ ಮೊದಲು, ಬೆಂಕಿ ಆಮೇಲೆ

2011ರ ಡಿಸೆಂಬರ್ 9ರ ಬೆಳಗಿನ ಜಾವ ಕೋಲ್ಕತ್ತದ ಢಾಕುರಿಯಾದಲ್ಲಿರುವ ಎಎಂಆರ್‌ಐ ಆಸ್ಪತ್ರೆಯಲ್ಲಿ ನಡೆದುದನ್ನು ಹಲವರು ಮರೆತಿರಬಹುದು. ಬೆಂಕಿ ಹೊತ್ತಿದ್ದು ನೆಲಮಾಳಿಗೆಯಲ್ಲಿ. ಕಾರು ನಿಲ್ಲಿಸಲೆಂದು ಇದ್ದ ಆ ಜಾಗದಲ್ಲಿ ಸುಲಭವಾಗಿ ಹತ್ತಿಕೊಳ್ಳುವ ಸಾಮಾನು ತುಂಬಿತ್ತು. ಮೇಲಿನ ಮಹಡಿಗಳಿಗೆ ಬೆಂಕಿ ತಲುಪಲೇ ಇಲ್ಲ ಎನ್ನಬಹುದು, ತಲುಪಿದ್ದು ಹೊಗೆ. ಹವಾನಿಯಂತ್ರಣದ ಕೊಳವೆಗಳಲ್ಲಿ ನುಗ್ಗಿದ ಹೊಗೆಗೆ ಹೊರಹೋಗಲು ದಾರಿಯಿರಲಿಲ್ಲ. ಕಟ್ಟಡದ ಹೊರಮೈಗೆ ಅಂದಕ್ಕಾಗಿ ಪೂರ್ತಿ ಗಾಜು ಹೊದಿಸಿದ್ದರು, ತೆರೆಯುವ ಕಿಟಕಿಗಳಿರಲಿಲ್ಲ. ಸುಮಾರು 90 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಲಗಿದ ಮಂಚದಲ್ಲೇ ಉಸಿರುಗಟ್ಟಿ ತೀರಿಕೊಂಡ ರೋಗಿಗಳು. ಕೇರಳದಿಂದ ಬಂದಿದ್ದ ಇಬ್ಬರು ಯುವ ನರ್ಸುಗಳು ಒಬ್ಬೊಬ್ಬರಾಗಿ ರೋಗಿಗಳನ್ನು ಹೊರಗೆ ಸಾಗಿಸಿ, ಮತ್ತೆ ಒಳಗೆ ಹೋದವರು ಹಿಂತಿರುಗಲಿಲ್ಲ.

ಅಂದು ವರದಿಯಾದ ಇನ್ನೊಂದು ಸಂಗತಿಯನ್ನು ಗಮನಿಸಿ. ಹೊಗೆಯನ್ನು ಮೊದಲು ಕಂಡು ಓಡಿಬಂದವರು ಪಕ್ಕದ ಕೊಳೆಗೇರಿಯ ಹುಡುಗರು. ಕಾವಲುಗಾರರು ಅವರನ್ನು ಗೇಟಿನಲ್ಲೇ ತಡೆದು ವಾಪಸು ಕಳಿಸಿದರು. ಅಗ್ನಿಶಾಮಕ ದಳಕ್ಕೂ ಸುದ್ದಿ ತಡವಾಗಿ ಹೋಯಿತು. ಕಾವಲುಗಾರರು ಕ್ರೂರಿಗಳೆಂದು ಇದರ ಅರ್ಥವಲ್ಲ. ‘ಹೊಗೆ ಕಂಡರೆ ಯಾರನ್ನೂ ಕೇಳಬೇಡ, ಗಂಟೆ ಬಾರಿಸು, ಗೇಟು ತೆಗೆ’ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ಕಾಣುತ್ತದೆ. ಅಪ್ಪಣೆಯಿಲ್ಲದೆ ಯಾರನ್ನೂ ಒಳಗೆ ಬಿಡಬಾರದು ಎಂಬುದೊಂದನ್ನು ಮಾತ್ರ ಚೆನ್ನಾಗಿ ಹೇಳಿಕೊಟ್ಟಿದ್ದರು.

ಹೊಗೆ ಏಕೆ ಇಷ್ಟು ಬೇಗ ಕೊಲ್ಲುತ್ತದೆ? ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೊಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕ ಕುಳಿತುಕೊಳ್ಳಬೇಕಾದ ಜಾಗವನ್ನು ಇದು ಆಕ್ರಮಿಸುತ್ತದೆ. ಮೊದಲು ತಲೆನೋವು, ಮಂಕು. ಕೈಕಾಲು ಸೋತು, ಎದ್ದು ಓಡಬೇಕು ಎಂಬ ಬುದ್ಧಿಯೇ ಮಾಯವಾಗುತ್ತದೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಮಸಿ, ಕಣಗಳು ಸ್ವಲ್ಪ ತಡೆಯುತ್ತವೆಯೇ ಹೊರತು ಈ ಅನಿಲ ತಡೆಯುವುದಿಲ್ಲ. ಬಿಸಿ ಹೊಗೆ ಮೇಲಕ್ಕೇರುವುದರಿಂದ ನೆಲದ ಹತ್ತಿರ ಬಗ್ಗಿ, ಅಂಬೆಗಾಲಿಟ್ಟು ಹೊರಗೆ ಸರಿಯುವುದೇ ಜಾಣತನ.

ಇದು ಆಸ್ಪತ್ರೆಗಳಿಗೆ ಮಾತ್ರ ಸೇರಿದ ಮಾತಲ್ಲ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಚೇರಿ ಕಟ್ಟಡದಲ್ಲಿ 2010ರ ಫೆಬ್ರುವರಿ 23ರಂದು 9 ಮಂದಿ ಸತ್ತಾಗಲೂ ಶತ್ರುವಾಗಿದ್ದುದು ಹೊಗೆಯೇ. ವಿದ್ಯುತ್ ತಂತಿಗಳು ಹಾದುಹೋಗುವ ಕಂಡಿಯಿಂದ ಅದು ಮಹಡಿ ಮಹಡಿಗೂ ಹರಡಿತು. ತಾಳಲಾರದೆ ಕಿಟಕಿಯಿಂದ ಹಾರಿದವರೂ ಇದ್ದರು. ನಿಮ್ಮ ಮಗಳೋ ಅಳಿಯನೋ ಏಳನೆಯ ಮಹಡಿಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರೆ, ಅಲ್ಲಿನ ತುರ್ತು ಬಾಗಿಲಿಗೆ ಬೀಗ ಇದೆಯೇ ಎಂದು ಇವತ್ತು ರಾತ್ರಿ ಊಟದ ಹೊತ್ತಿಗೆ ವಿಚಾರಿಸಿ ನೋಡಿ.

ಅಪ್ಪಣೆ ಕೊಡುವವರು ಯಾರು?

ಹಗಲು ಹನ್ನೊಂದು ಗಂಟೆಗೆ ಅನಾಹುತವಾದರೆ ಅಧೀಕ್ಷಕರು, ವಿಭಾಗದ ಮುಖ್ಯಸ್ಥರು, ಎಂಜಿನಿಯರು ಎಲ್ಲರೂ ಇರುತ್ತಾರೆ. ರಾತ್ರಿ ಪಾಳಿಯಲ್ಲಿ ಇರುವವರು ಒಬ್ಬ ಕಿರಿಯ ವೈದ್ಯ, ಇಬ್ಬರು ನರ್ಸುಗಳು, ಒಬ್ಬ ಆಯಾ, ಗೇಟಿನಲ್ಲಿ ಒಬ್ಬ ಕಾವಲುಗಾರ. ಹೊಗೆ ಕಂಡ ನರ್ಸು ಮೊದಲು ಡಾಕ್ಟರಿಗೆ, ಅವರು ದೊಡ್ಡ ಡಾಕ್ಟರಿಗೆ, ಅವರು ಆಡಳಿತಾಧಿಕಾರಿಗೆ ಫೋನು ಮಾಡುತ್ತಾ ಕೂತರೆ ಏನಾದೀತು ಎಂದು ಊಹಿಸಿಕೊಳ್ಳಿ. ನಮ್ಮ ಕಚೇರಿಗಳ ರೂಢಿ ಬಲ್ಲವರಿಗೆ ಇದು ಹೊಸದಲ್ಲ. ‘ಸಾಹೇಬರನ್ನು ಕೇಳಬೇಕು’ ಎನ್ನುವ ಮಾತು ನಮ್ಮಲ್ಲಿ ಎಷ್ಟು ಕಡತಗಳನ್ನು ಕೊಂದಿದೆಯೋ! ಆಸ್ಪತ್ರೆಯಲ್ಲಿ ಅದು ಮನುಷ್ಯರನ್ನು ಕೊಲ್ಲುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ಭಾರೀ ಕಾಡ್ಗಿಚ್ಚು ಎದ್ದಾಗ ಹಲವು ಇಲಾಖೆಗಳ ಅಗ್ನಿಶಾಮಕ ದಳಗಳು ಒಟ್ಟಿಗೆ ನುಗ್ಗಿದವು. ಒಬ್ಬೊಬ್ಬರ ವೈರ್‌ಲೆಸ್ ಭಾಷೆ ಒಂದೊಂದು, ಅಪ್ಪಣೆ ಕೊಡುವವರು ಹಲವರು. ಆ ಗೊಂದಲದಿಂದ ಹುಟ್ಟಿದ್ದೇ ಇಂದು ಎಲ್ಲ ಕಡೆ ಬಳಕೆಯಲ್ಲಿರುವ ಘಟನಾ ನಿರ್ವಹಣೆಯ ಪದ್ಧತಿ. ಮುಂದೆ ಅಲ್ಲಿನ ಆಸ್ಪತ್ರೆಗಳು ತಮಗೆ ಹೊಂದುವಂತೆ ಅದನ್ನು ಮಾರ್ಪಡಿಸಿಕೊಂಡವು. ಅದರ ತಿರುಳು ಸರಳ. ಘಟನೆ ನಡೆದ ಕ್ಷಣದಲ್ಲಿ ಅಲ್ಲಿರುವವರ ಪೈಕಿ ಗೊತ್ತುಮಾಡಿದ ಒಬ್ಬರು ಯಜಮಾನರಾಗುತ್ತಾರೆ. ವಯಸ್ಸು, ಪದವಿ ನೋಡುವುದಿಲ್ಲ. ಹಿರಿಯರು ಬಂದ ಮೇಲೆ ಪರಿಸ್ಥಿತಿ ವಿವರಿಸಿ ಅಧಿಕಾರ ಒಪ್ಪಿಸುತ್ತಾರೆ. ಒಬ್ಬರ ಕೈಕೆಳಗೆ ಐದಾರು ಜನರಿಗಿಂತ ಹೆಚ್ಚು ಇರುವುದಿಲ್ಲ. ಯಾರು ಯಾರೆಂದು ದೂರದಿಂದಲೇ ತಿಳಿಯುವಂತೆ ಬಣ್ಣದ ಮೇಲಂಗಿ ಹಾಕಿಕೊಳ್ಳುತ್ತಾರೆ. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ 2010ರಲ್ಲಿ ಇಂಥದೇ ಪದ್ಧತಿಯ ಮಾರ್ಗಸೂಚಿಯನ್ನೂ, 2016ರಲ್ಲಿ ಆಸ್ಪತ್ರೆಗಳ ಸುರಕ್ಷತೆಗೆಂದೇ ಪ್ರತ್ಯೇಕ ಮಾರ್ಗಸೂಚಿಯನ್ನೂ ಹೊರತಂದಿದೆ.

ಅಂದರೆ ಕಾಗದದ ಮೇಲೆ ಕೊರತೆಯಿಲ್ಲ. ರಾತ್ರಿ ಪಾಳಿಯ ನರ್ಸಿಗೆ ‘ಈಗ ನೀನೇ ಯಜಮಾನಿ’ ಎಂದು ಯಾರಾದರೂ ಹೇಳಿದ್ದಾರೆಯೇ ಎಂಬುದೇ ಪ್ರಶ್ನೆ.

ನಿಮಿಷ, ಗಂಟೆ, ದಿನ

ಒಂದು ಸಂಸ್ಥೆಯ ನಿರಂತರತೆಯ ಯೋಜನೆ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದ್ದು ಇದು: ಯಾವ ಕೆಲಸ ಎಷ್ಟು ಹೊತ್ತು ನಿಂತರೆ ತಡೆದೀತು? ಆಸ್ಪತ್ರೆಯಲ್ಲಿ ಬಿಲ್ಲು ಬರೆಯುವುದು ಒಂದು ದಿನ ನಿಂತರೂ ಆಕಾಶ ಬೀಳುವುದಿಲ್ಲ. ಡಯಾಲಿಸಿಸ್ ಒಂದು ದಿನ ತಡವಾದರೆ ಬಹುಮಂದಿ ತಡೆದುಕೊಳ್ಳುತ್ತಾರೆ, ಮೂರು ದಿನವಾದರೆ ಪೊಟಾಸಿಯಂ ಏರಿ ಹೃದಯದ ಬಡಿತವೇ ಕೆಡಬಹುದು. 2ರಿಂದ 8 ಡಿಗ್ರಿಯೊಳಗೆ ಇರಬೇಕಾದ ಲಸಿಕೆಗಳಿಗೆ ಕೆಲವು ಗಂಟೆಗಳ ಗಡುವು. ಕೃತಕ ಉಸಿರಾಟದಲ್ಲಿರುವ ರೋಗಿಗೆ ನಿಮಿಷಗಳ ಗಡುವು.

ವಿದ್ಯುತ್ತನ್ನೇ ತೆಗೆದುಕೊಳ್ಳಿ. ಲೈನು ಹೋದ ಮೇಲೆ ಜನರೇಟರು ಚಾಲೂ ಆಗಲು ಕೆಲವು ಕ್ಷಣ ಬೇಕು. ಆ ನಡುವಿನ ಹೊತ್ತಿಗೆ ಯುಪಿಎಸ್ ಇರುತ್ತದೆ. ಎಲ್ಲ ಸರಿ. ಆದರೆ 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಅಪ್ಪಳಿಸಿದಾಗ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಗೆ ಎಂಥ ಪಜೀತಿ ಬಂತು ನೋಡಿ. ಪ್ರವಾಹಕ್ಕೆ ಹೆದರಿ ಜನರೇಟರುಗಳನ್ನು 13ನೇ ಮಹಡಿಯಲ್ಲಿ ಇರಿಸಿದ್ದರು. ಅವಕ್ಕೆ ಎಣ್ಣೆ ಏರಿಸುವ ಪಂಪುಗಳು ಮಾತ್ರ ನೆಲಮಾಳಿಗೆಯಲ್ಲೇ ಉಳಿದಿದ್ದವು! ಅಲ್ಲಿಗೆ ನೀರು ನುಗ್ಗಿತು. ಸಿಬ್ಬಂದಿ, ಸೈನಿಕರು ಸಾಲಾಗಿ ಮೆಟ್ಟಿಲ ಮೇಲೆ ನಿಂತು ಕೈಯಿಂದ ಕೈಗೆ ಎಣ್ಣೆ ಸಾಗಿಸಿ 13ನೇ ಮಹಡಿಯವರೆಗೆ ಮುಟ್ಟಿಸಬೇಕಾಯಿತು. ಪಕ್ಕದ ಎನ್‌ವೈಯು ಲ್ಯಾಂಗೋನ್ ಆಸ್ಪತ್ರೆಯಲ್ಲಿ ಬದಲಿ ವಿದ್ಯುತ್ತೂ ನಿಂತು, 300ಕ್ಕೂ ಹೆಚ್ಚು ರೋಗಿಗಳನ್ನು ಕತ್ತಲ ಮೆಟ್ಟಿಲುಗಳಲ್ಲಿ ಹೊತ್ತು ಇಳಿಸಿದರು. ಅವರಲ್ಲಿ ತೀವ್ರ ನಿಗಾದಲ್ಲಿದ್ದ 20 ನವಜಾತ ಶಿಶುಗಳೂ ಇದ್ದವು. ನರ್ಸುಗಳು ಕೂಸುಗಳನ್ನು ಎದೆಗವಚಿಕೊಂಡು, ಉಸಿರಾಟದ ಚೀಲವನ್ನು ಕೈಯಿಂದ ಒತ್ತುತ್ತ, ಟಾರ್ಚಿನ ಬೆಳಕಿನಲ್ಲಿ ಒಂಬತ್ತು ಮಹಡಿ ಇಳಿದರು. ಒಂದು ಜೀವವೂ ಹೋಗಲಿಲ್ಲ. ಪಂಪಿನ ವಿಷಯದಲ್ಲಿ ನಗರ ಎಡವಿತು, ಮನುಷ್ಯರ ತಯಾರಿಯಲ್ಲಿ ಗೆದ್ದಿತು ಎನ್ನಬೇಕು.

ಅದೇ ಚಂಡಮಾರುತದ ಮುನ್ಸೂಚನೆ ಬಂದೊಡನೆ ಕೆಲವು ಡಯಾಲಿಸಿಸ್ ಕೇಂದ್ರಗಳು ತಮ್ಮ ರೋಗಿಗಳನ್ನು ನಿಗದಿತ ದಿನಕ್ಕಿಂತ ಮೊದಲೇ ಕರೆಸಿ ಡಯಾಲಿಸಿಸ್ ಮುಗಿಸಿದವು. ಹೀಗೆ ಮುಂಚಿತವಾಗಿ ಮಾಡಿಸಿಕೊಂಡವರಲ್ಲಿ ಆಸ್ಪತ್ರೆ ಸೇರಿದವರೂ, ಮುಂದಿನ ಒಂದು ತಿಂಗಳಲ್ಲಿ ಸತ್ತವರೂ ಕಡಿಮೆ ಎಂದು ಆಮೇಲಿನ ಅಧ್ಯಯನ ತೋರಿಸಿತು. ಖರ್ಚಿಲ್ಲದ ಉಪಾಯ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವ ನಮ್ಮ ಕೊಡಗು, ಉತ್ತರ ಕನ್ನಡದ ಕಡೆಗೂ ಇದು ಚೆನ್ನಾಗಿ ಒಗ್ಗುತ್ತದೆ.

ಇನ್ನು ಆಮ್ಲಜನಕ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡದ್ದನ್ನು ಕನ್ನಡಿಗರು ಮರೆಯಲಾರರು. ಹೈಕೋರ್ಟಿನ ಸೂಚನೆಯಂತೆ ರಚನೆಯಾದ ಸಮಿತಿ ಆಮ್ಲಜನಕದ ಕೊರತೆಯತ್ತ ಬೆರಳು ತೋರಿಸಿತು. ಸಿಲಿಂಡರುಗಳು ತುಂಬಿ ಬರಬೇಕಾಗಿದ್ದುದು ಮೈಸೂರಿನಿಂದ. ಇಲ್ಲಿ ಒಂದು ಸಣ್ಣ ಲೆಕ್ಕ ನೋಡಿ. ದೊಡ್ಡ ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಒಬ್ಬ ರೋಗಿಗೆ ಕೊಟ್ಟರೆ ಹನ್ನೊಂದೂವರೆ ಗಂಟೆ ಬಂದೀತು. ನಿಮಿಷಕ್ಕೆ 60 ಲೀಟರ್ ಬೇಡುವ ಯಂತ್ರಕ್ಕೆ ಜೋಡಿಸಿದರೆ ಎರಡು ಗಂಟೆಯೂ ಬಾರದು. ಎಷ್ಟು ರೋಗಿಗಳು, ಎಷ್ಟು ಸಿಲಿಂಡರು, ತುಂಬುವ ಜಾಗಕ್ಕೆ ಲಾರಿ ಹೋಗಿಬರಲು ಎಷ್ಟು ಹೊತ್ತು ಎಂಬ ಮೂರು ಅಂಕಿಗಳನ್ನು ಪಾಳಿಗೊಮ್ಮೆ ಹಲಗೆಯ ಮೇಲೆ ಬರೆದರೆ, ಎಷ್ಟು ಗಂಟೆಗೆ ಎಚ್ಚೆತ್ತುಕೊಳ್ಳಬೇಕು ಎಂಬುದು ಐದನೇ ತರಗತಿಯ ಹುಡುಗನಿಗೂ ಗೊತ್ತಾಗುತ್ತದೆ. ಅದೇ ವರ್ಷದ ಏಪ್ರಿಲ್ 21ರಂದು ನಾಸಿಕದ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಟ್ಯಾಂಕು ಸೋರಿ, ಸರಬರಾಜು ನಿಂತ ಅಲ್ಪಾವಧಿಯಲ್ಲೇ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಟ್ಯಾಂಕಿತ್ತು, ಆಮ್ಲಜನಕವೂ ಇತ್ತು. ಟ್ಯಾಂಕು ಕೆಟ್ಟರೆ ಮರುಕ್ಷಣ ಯಾವುದಕ್ಕೆ ಬದಲಾಯಿಸಬೇಕು ಎಂಬ ಎರಡನೆಯ ದಾರಿ ಸಾಲದೆಹೋಯಿತು.

ಕಂಪ್ಯೂಟರ್ ಬಾಯಿ ಕಟ್ಟಿದಾಗ

ಈಗ ಬೆಂಕಿ, ನೀರುಗಳ ಜತೆಗೆ ಹೊಸದೊಂದು ಆಪತ್ತು ಸೇರಿದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರುಗಳಿಗೆ 2022ರ ನವೆಂಬರ್ 23ರಂದು ಕನ್ನ ಹಾಕಲಾಯಿತು. ಸುಮಾರು ಎರಡು ವಾರ ಅಲ್ಲಿ ಹೊರರೋಗಿಗಳ ನೋಂದಣಿ, ರಕ್ತಪರೀಕ್ಷೆಯ ವರದಿ ಎಲ್ಲವೂ ಪೆನ್ನು ಕಾಗದದಲ್ಲಿ ನಡೆಯಬೇಕಾಯಿತು. ಹಳೆಯ ಕಾಲದ ನರ್ಸುಗಳಿಗೆ ಇದು ಕಷ್ಟವಲ್ಲ. ಪರದೆ ನೋಡಿಯೇ ಕೆಲಸ ಕಲಿತ ಹೊಸಬರಿಗೆ ಕಷ್ಟ.

2017ರ ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳನ್ನು ಹಿಡಿದಾಗ 19,000ದಷ್ಟು ಭೇಟಿಗಳು ರದ್ದಾದವು ಎಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಅಂದಾಜು ಮಾಡಿತು. ಆ ವರದಿಯ ಒಂದು ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ. ಇಂಥ ದಾಳಿಗೆ ಇಲಾಖೆಯ ಬಳಿ ಯೋಜನೆ ಇತ್ತು, ಯಾರ ಹೊಣೆ ಏನೆಂದೂ ಅದರಲ್ಲಿ ಬರೆದಿತ್ತು. ಆದರೆ ಸ್ಥಳೀಯ ಮಟ್ಟದಲ್ಲಿ ಅದನ್ನು ಒಮ್ಮೆಯೂ ಪರೀಕ್ಷಿಸಿ ನೋಡಿರಲಿಲ್ಲ. ಇಮೇಲ್ ನಿಂತುಹೋದಾಗ ಯಾರಿಗೆ ಹೇಗೆ ಸುದ್ದಿ ಮುಟ್ಟಿಸಬೇಕೆಂದು ತಿಳಿಯದೆ, ಸಿಬ್ಬಂದಿ ತಮ್ಮ ಸ್ವಂತ ಮೊಬೈಲಿನ ವಾಟ್ಸ್ಆ್ಯಪ್ ಮೊರೆಹೋದರು.

ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ನಾವು ನಗುತ್ತೇವೆ. ಬಾವಿಯಿದ್ದೂ ಹಗ್ಗ ಎಲ್ಲಿದೆ ಎಂದು ಹುಡುಕುವವರ ಕಥೆ ಇದು.

ನಮ್ಮಲ್ಲಿಯೂ ತಾಲೀಮುಗಳು ನಡೆಯುತ್ತವೆ. ತಪಾಸಣೆಯ ತಂಡ ಬರುವ ವಾರ, ಬೆಳಿಗ್ಗೆ ಹತ್ತು ಗಂಟೆಗೆ, ಮುಂಚೆಯೇ ಸಾರಿ ಹೇಳಿ, ಅಂಗಳದಲ್ಲಿ ಒಂದು ಬಾಣಲೆಯಲ್ಲಿ ಬೆಂಕಿ ಹಚ್ಚಿ, ಇಸ್ತ್ರಿ ಮಾಡಿದ ಸಮವಸ್ತ್ರದವರು ಅದನ್ನು ಆರಿಸುತ್ತಾರೆ. ಫೋಟೋ ತೆಗೆಯುತ್ತಾರೆ, ಕಾಫಿ ಕುಡಿಯುತ್ತಾರೆ. ಏನೂ ಇಲ್ಲದ್ದಕ್ಕಿಂತ ಮೇಲು, ಒಪ್ಪೋಣ. ನಿಜವಾದ ತಾಲೀಮು ರಾತ್ರಿ ಎರಡು ಗಂಟೆಗೆ, ಹೇಳದೆ ಕೇಳದೆ ನಡೆಯಬೇಕು. ಮುಖ್ಯ ಫೋನು ಕೆಟ್ಟಿದೆ, ಲಿಫ್ಟು ಇಲ್ಲ, ಒಂದು ಮೆಟ್ಟಿಲಿನಲ್ಲಿ ಹೊಗೆಯಿದೆ ಎಂದುಕೊಂಡು ಒಂದು ವಾರ್ಡನ್ನು ಖಾಲಿ ಮಾಡಿಸಿ ನೋಡಬೇಕು. ಆಗ ತಿಳಿಯುತ್ತದೆ, ತುರ್ತು ಬಾಗಿಲಿನ ಬೀಗದ ಕೈ ಹಗಲು ಪಾಳಿಯವನ ಜೇಬಿನಲ್ಲಿ ಮನೆಗೆ ಹೋಗಿದೆ ಎಂದು.

ಬಂಧುಗಳ ಪಾಲು

ನೀವು ರೋಗಿಯ ಜತೆಗಿರುವಾಗ ಮೊದಲ ದಿನವೇ ಐದು ನಿಮಿಷ ತೆಗೆದಿಟ್ಟು ವಾರ್ಡಿನಿಂದ ಎರಡು ದಿಕ್ಕಿನ ಮೆಟ್ಟಿಲುಗಳನ್ನೂ ನಡೆದು ನೋಡಿ. ಮೆಟ್ಟಿಲ ಬಾಯಲ್ಲಿ ಹಳೆಯ ಮಂಚ, ಮುರಿದ ವೀಲ್‌ಚೇರು ಪೇರಿಸಿದ್ದರೆ ಆಡಳಿತದವರಿಗೆ ಬರಹದಲ್ಲಿ ತಿಳಿಸಿ. ಜಗಳ ಬೇಡ, ಚೀಟಿ ಸಾಕು. ರೋಗಿ ವೆಂಟಿಲೇಟರಿನಲ್ಲಿದ್ದರೆ, ಕೈಯಿಂದ ಒತ್ತುವ ಉಸಿರಾಟದ ಚೀಲ ಮಂಚದ ತಲೆಯ ಬಳಿಯೇ ಇದೆಯೇ ಎಂದು ನರ್ಸನ್ನು ವಿನಯದಿಂದ ಕೇಳಿ. ಒಳ್ಳೆಯ ನರ್ಸು ಇದಕ್ಕೆ ಸಿಟ್ಟಾಗುವುದಿಲ್ಲ.

ಹೊಗೆ ಬಂದಾಗ ಎಲ್ಲ ರೋಗಿಗಳನ್ನೂ ಒಮ್ಮೆಗೇ ಕೆಳಗಿಳಿಸುವುದಿಲ್ಲ. ಅದೇ ಮಹಡಿಯಲ್ಲಿ, ಬೆಂಕಿ ತಡೆಯುವ ಬಾಗಿಲಿನ ಆಚೆಗೆ ಸರಿಸುವುದು ಮೊದಲ ಹೆಜ್ಜೆ. ಮಂಚ ಹೋಗದಿದ್ದರೆ ಹಾಸಿಗೆಯ ಸಮೇತ ಎಳೆಯುತ್ತಾರೆ. ಯಾರು ಮೊದಲು ಎಂಬುದೇ ಮನೆಯವರಿಗೆ ನುಂಗಲಾರದ ತುತ್ತು. ಬೆಂಕಿಗೆ ತೀರ ಹತ್ತಿರ ಇರುವವರು ಮೊದಲು. ಆಮೇಲೆ ಸಾಮಾನ್ಯವಾಗಿ ನಡೆಯಬಲ್ಲವರು, ನಂತರ ವೀಲ್‌ಚೇರಿನವರು, ಕೊನೆಗೆ ಯಂತ್ರಗಳಿಗೆ ಜೋಡಿಸಿದವರು. ‘ನಮ್ಮಮ್ಮ ಐಸಿಯುನಲ್ಲಿದ್ದಾರೆ, ಅವರನ್ನೇ ಮೊದಲು ಕರೆದೊಯ್ಯಿರಿ’ ಎಂದು ನೀವು ಕೂಗುವುದು ಸಹಜ. ಆದರೆ ಐಸಿಯುನ ಒಬ್ಬ ರೋಗಿಯನ್ನು ಮೆಟ್ಟಿಲಲ್ಲಿ ಇಳಿಸಲು ನಾಲ್ಕೈದು ಜನ ಬೇಕು, ಬಹಳ ಹೊತ್ತು ಬೇಕು. ಅಷ್ಟರಲ್ಲಿ ನಡೆಯಬಲ್ಲ ಇಪ್ಪತ್ತು ಮಂದಿ ಇಳಿದು, ದಾರಿಯೂ ತೆರವಾಗಿ, ಕೈಗಳೂ ಬಿಡುವಾಗುತ್ತವೆ. ಹೀಗಿರುವಾಗ ಬಂಧುಗಳು ಗುಂಪಾಗಿ ಮೇಲಕ್ಕೆ ನುಗ್ಗಿದರೆ ಕೆಳಗಿಳಿಯುವ ಸ್ಟ್ರೆಚರಿಗೆ ಅವರೇ ಅಡ್ಡ. ಒಬ್ಬರು ರೋಗಿಯ ಬಳಿ, ಉಳಿದವರು ಹೊರಗೆ. ಹೊರಗಿರುವವರು 112ಕ್ಕೆ ಅಥವಾ 101ಕ್ಕೆ ಫೋನು ಮಾಡಬಹುದು. ಅಗ್ನಿಶಾಮಕ ವಾಹನಕ್ಕೆ ಅಡ್ಡವಾಗಿ ನಿಲ್ಲಿಸಿದ ತಮ್ಮ ಕಾರನ್ನು ತೆಗೆಯಬಹುದು.

ಡಿಸ್ಚಾರ್ಜ್ ಚೀಟಿ, ಔಷಧಿಗಳ ಹೆಸರು ಮತ್ತು ಪ್ರಮಾಣ, ರಕ್ತದ ಗುಂಪು, ಒಗ್ಗದ ಔಷಧಿ ಇವಿಷ್ಟನ್ನು ಕಾಗದದಲ್ಲಿ ಬರೆದು ನಿಮ್ಮ ಪರ್ಸಿನಲ್ಲಿಡಿ. ಆಸ್ಪತ್ರೆಯ ಕಂಪ್ಯೂಟರು ಕೆಟ್ಟ ದಿನ, ಅಥವಾ ರೋಗಿಯನ್ನು ಬೇರೆ ಊರಿನ ಆಸ್ಪತ್ರೆಗೆ ಸಾಗಿಸಿದ ದಿನ, ಆ ಚೀಟಿಯೇ ಕಡತ.

ಮನೆಯಲ್ಲಿ ದೀರ್ಘ ಕಾಲದ ರೋಗಿಗಳಿದ್ದರೆ ನಿಮ್ಮ ಮನೆಯೂ ಒಂದು ಚಿಕ್ಕ ಆಸ್ಪತ್ರೆಯೇ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ತಮ್ಮ ಕೇಂದ್ರ ಮುಚ್ಚಿದರೆ ಹೋಗಬಹುದಾದ ಇನ್ನೊಂದು ಕೇಂದ್ರದ ಹೆಸರನ್ನು ಈಗಲೇ ವೈದ್ಯರಿಂದ ಬರೆಸಿಕೊಳ್ಳಲಿ. ಒಂದು ಸರದಿ ತಪ್ಪುವ ಸಂದರ್ಭ ಬಂದರೆ ನೀರನ್ನು ಬಿಗಿಹಿಡಿದು, ಎಳನೀರು, ಬಾಳೆಹಣ್ಣು, ಕಿತ್ತಳೆ ರಸಗಳನ್ನು ಪೂರ್ತಿ ಬಿಡಬೇಕು. ಕಾಯಿಲೆಯವರಿಗೆ ಎಳನೀರು ತಂದುಕೊಡುವ ನಮ್ಮ ಪ್ರೀತಿ ಇಲ್ಲಿ ಅಪಾಯಕಾರಿ. ಇನ್ಸುಲಿನ್ ತೆಗೆದುಕೊಳ್ಳುವವರು ಕರೆಂಟು ಹೋಯಿತೆಂದು ಗಾಬರಿಯಾಗಬೇಕಿಲ್ಲ. ಬಳಕೆಯಲ್ಲಿರುವ ಸೀಸೆ ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಕೆಡದೆ ಇರುತ್ತದೆ. ಸೆಖೆಯ ಊರುಗಳಲ್ಲಿ ಒದ್ದೆ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿಟ್ಟರೆ ಆಯಿತು. ಮಂಜುಗಡ್ಡೆಗೆ ತಾಗಿಸಿ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಬೇಕಾದ್ದೇ.

ಆಮ್ಲಜನಕದ ಕಾನ್ಸೆಂಟ್ರೇಟರ್ ಯಂತ್ರ ಬಳಸುವ ಮನೆಗಳಲ್ಲಿ ಕರೆಂಟು ಹೋದರೆ ಯಂತ್ರವೂ ನಿಲ್ಲುತ್ತದೆ. ಜತೆಗೊಂದು ಸಿಲಿಂಡರು ಇರಲಿ. 1,500 ಲೀಟರ್ ಹಿಡಿಯುವ ಸಿಲಿಂಡರು ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡೂವರೆ ಗಂಟೆ ಬರುತ್ತದೆ. ಅದರ ಕೀಲಿ, ರೆಗ್ಯುಲೇಟರು ಜೋಡಿಸುವುದನ್ನು ಮನೆಯಲ್ಲಿ ಇಬ್ಬರಾದರೂ ಕಲಿತಿರಬೇಕು. ಕತ್ತಲಲ್ಲಿ, ಟಾರ್ಚು ಹಿಡಿದು, ಒಮ್ಮೆ ಜೋಡಿಸಿ ನೋಡಿ. ಆ ಕೋಣೆಯಲ್ಲಿ ಬೀಡಿ, ಸಿಗರೇಟು ಸರ್ವಥಾ ಬೇಡ. ದೇವರ ದೀಪ, ಊದುಬತ್ತಿ, ಸೊಳ್ಳೆಬತ್ತಿಗಳನ್ನೂ ಪಕ್ಕದ ಕೋಣೆಗೆ ಸಾಗಿಸಿ.